ನೀವ್ ಮೊದಲ ಹೋಗ್ರಿ

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅನ್ನುತ್ತಾರೆ. ಹಾಗನ್ನುವವರನ್ನು ಹಿಡಿದು ತಂದು ಸುಗ್ಗಿಯ ದಿನ ನಮ್ಮ ಮಾರ್ಕೆಟ್ ಹಾದಿಯ ಚೌಕದಲ್ಲಿ ಹತ್ತು ನಿಮಿಷ ನಿಲ್ಲಿಸಬೇಕು. ಸೀನಿ ಸೀನಿ ಮೂಗು ಕಿತ್ತು ಕೈಗೆ ಬಂದಾಗ ಮಾತು ವಾಪಸ್ ತೆಗೆದುಕೊಳ್ಳುತ್ತಾರೆ.

ನಾಲ್ಕು ರಸ್ತೆ ಕೂಡುವ ಆ ಚೌಕದಲ್ಲಿ ಸಿಗ್ನಲ್ ದೀಪವಿರಲಿಲ್ಲ, ಪೊಲೀಸ್ ಇರಲಿಲ್ಲ. ಒಂದು ಮೂಲೆಗೆ ಪಂಕ್ಚರ್ ಅಂಗಡಿ, ಒಂದಕ್ಕೆ ಚಹಾದಂಗಡಿ, ಇನ್ನೊಂದಕ್ಕೆ ಹಿಟ್ಟಿನ ಗಿರಣಿ, ನಾಲ್ಕನೆಯದಕ್ಕೆ ಬೇವಿನ ಗಿಡ. ಜನವರಿಯಿಂದ ಏಪ್ರಿಲ್ ತನಕ ಲಾರಿ, ಟ್ರ್ಯಾಕ್ಟರ್, ಟಂಟಂ, ಎತ್ತಿನ ಬಂಡಿ, ಸೈಕಲ್ಲು, ಬೆನ್ನ ಮೇಲೆ ಚೀಲ ಹೊತ್ತ ಹಮಾಲರು ಎಲ್ಲರೂ ಅಲ್ಲೇ ಹಾಯಬೇಕು. ಆದರೂ ನಾನು ಕಂಡಂತೆ ಅಲ್ಲಿ ಒಬ್ಬರಿಗೂ ಪೆಟ್ಟಾಗಿರಲಿಲ್ಲ. ಬೈದಾಡುತ್ತಿದ್ದರು, ಅದು ಬೇರೆ ಮಾತು.

ನನ್ನಪ್ಪ ಆ ಚೌಕದಲ್ಲಿ ದಿನಕ್ಕೆ ನಾಲ್ಕು ಸಲ ಹಾಯುತ್ತಿದ್ದ. ನಮಗೆ ಊರಂಚಿಗೆ ಹೊಲವಿತ್ತು, ಅದನ್ನು ಅಣ್ಣ ನೋಡಿಕೊಳ್ಳುತ್ತಿದ್ದ. ಸುಗ್ಗಿಯಲ್ಲಿ ಅಪ್ಪ ಬಂಡಿ ಹೂಡಿ, ದಲಾಲಿ ಅಂಗಡಿಯಿಂದ ಮೆಣಸಿನಕಾಯಿ ಚೀಲ ಹೇರಿಕೊಂಡು ಊರಾಚೆಯ ಕೋಲ್ಡ್ ಸ್ಟೋರೇಜಿಗೆ ಮುಟ್ಟಿಸುತ್ತಿದ್ದ. ಇಪ್ಪತ್ತು ವರ್ಷದಿಂದ ಅದೇ ಅಂಗಡಿ, ಅದೇ ಹಾದಿ. ಎತ್ತು ಎರಡು. ಎಡಕ್ಕೆ ಹೂಡುವ ಬಿಳಿ ಎತ್ತು ನಮ್ಮ ಮನೆಯಲ್ಲೇ ಹುಟ್ಟಿದ್ದು, ನಾನು ಪ್ರೈಮರಿ ಶಾಲೆಗೆ ಹೋಗುವಾಗ ಅದರ ಬಾಲ ಹಿಡಿದು ಓಡುತ್ತಿದ್ದೆ. ಬಲಕ್ಕೆ ಹೂಡುವ ಕಂದು ಎತ್ತು ಆಮೇಲೆ ಸಂತೆಯಿಂದ ಬಂದದ್ದು, ಬಿಳಿಯದು ಹೋದಲ್ಲಿ ಹೋಗುವುದೇ ಅದರ ಕೆಲಸ.

ಚೌಕ ಬಂತೆಂದರೆ ಅಪ್ಪ ಬಂಡಿ ನಿಲ್ಲಿಸಿ, ಬಾರುಕೋಲಿನ ಕೈ ಎತ್ತಿ, "ಹೋಗ್ರಿ, ನೀವ್ ಮೊದಲ ಹೋಗ್ರಿ" ಅನ್ನುತ್ತಿದ್ದ. ಲಾರಿಯವನಿಗೂ ಅಷ್ಟೇ, ಸೈಕಲ್ಲಿನವನಿಗೂ ಅಷ್ಟೇ. ಊರಲ್ಲಿ ಅವನಿಗೆ ಇದರಿಂದ ಬಹಳ ಒಳ್ಳೆಯ ಹೆಸರು. "ಚೌಕದಾಗ ದಾರಿ ಬಿಡೂದು ನಿಮ್ಮಪ್ಪನ ಕಡೆ ಕಲೀಬೇಕವಾ" ಎಂದು ಪಂಕ್ಚರ್ ಅಂಗಡಿಯ ಅಜ್ಜ ನನಗೆ ಎಷ್ಟು ಸಲ ಹೇಳಿದ್ದನೋ. ನನಗೆ ಹೆಮ್ಮೆಯೋ ಹೆಮ್ಮೆ. ನನ್ನದು ಸಿಡುಕು ಬಾಯಿ, ಅವ್ವನ ಕಡೆಯಿಂದ ಬಂದದ್ದು. ಅಪ್ಪನ ಆ ತಾಳ್ಮೆ ನನಗೆ ಬರಲಿಲ್ಲವಲ್ಲ ಎಂದು ಒಳಗೊಳಗೇ ಅಸೂಯೆಯೂ ಆಗುತ್ತಿತ್ತು.

ಎರಡು ಸಾವಿರದ ದಶಕದ ನಡುವಿನ ವರ್ಷ. ನಾನು ರಾಣೆಬೆನ್ನೂರಿನಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೆ, ದಿನಾ ಪ್ಯಾಸೆಂಜರ್ ರೈಲಿಗೆ ಹೋಗಿ ಬರುತ್ತಿದ್ದೆ. ಪ್ರಾಜೆಕ್ಟಿನಲ್ಲಿ ನನ್ನ ಜೊತೆಗಾತಿ ರಾಣೆಬೆನ್ನೂರಿನ ಬೀಜದಂಗಡಿಯವರ ಮಗಳು. ನಮಗೆ ಮಾರ್ಗದರ್ಶನ ಮಾಡುತ್ತಿದ್ದ ಸರ್ ಮೈಸೂರು ಕಡೆಯವರು, ಹೊಸದಾಗಿ ಸೇರಿದವರು, ಕಣ್ಣಲ್ಲಿ ಬೆಳಕಿದ್ದ ಮನುಷ್ಯ. ಎಲ್ಲೋ ಹೊರದೇಶದ ಲೇಖನ ಓದಿಕೊಂಡು ಬಂದು, "ನೋಡಿ, ಮುಂದೆ ಡ್ರೈವರೇ ಇಲ್ಲದ ವಾಹನ ಬರುತ್ತವಂತೆ. ಆಗ ಸಿಗ್ನಲ್ ದೀಪವೇ ಬೇಕಾಗುವುದಿಲ್ಲ" ಅಂದರು.

"ಮತ್ತ ಯಾರ್ ನಿಂದರಸ್ತಾರ್ರಿ ಸರ್?" ಅಂದೆ.

"ಯಾರೂ ನಿಲ್ಲಿಸುವುದಿಲ್ಲಮ್ಮ. ವಾಹನ ದೂರದಿಂದಲೇ ಚೌಕವನ್ನು ಕೇಳುತ್ತದೆ: ನಾನು ಇಷ್ಟು ಹೊತ್ತಿಗೆ ಬರುತ್ತೇನೆ, ಜಾಗ ಇದೆಯಾ? ಚೌಕ ಜಾಗ ಹಿಡಿದು ಕೊಡುತ್ತದೆ. ಇಲ್ಲದಿದ್ದರೆ ವಾಹನವೇ ವೇಗ ಕಡಿಮೆ ಮಾಡಿಕೊಳ್ಳುತ್ತದೆ."

ನನ್ನ ಗೆಳತಿ ಪಟ್ಟನೆ, "ಹಾವೇರಿ ಬಸ್‌ಸ್ಟ್ಯಾಂಡಿನ್ಯಾಗ ಕಿಟಕ್ಯಾಗಿಂದ ಟವೆಲ್ ಒಗದು ಸೀಟ್ ಹಿಡೀತಾರಲ್ರಿ ಸರ್, ಹಂಗ" ಅಂದಳು. ಸರ್ ಆ ಮಾತನ್ನು ಬಹಳ ಮೆಚ್ಚಿಕೊಂಡರು. ಅವರೂ ಹಾವೇರಿಯಲ್ಲಿ ಟವೆಲ್ ಎಸೆಯಲು ಬಾರದೆ ನಿಂತುಕೊಂಡೇ ಬಂದವರು. ನಮ್ಮ ಪ್ರಾಜೆಕ್ಟು ಹಾಗೆ ನಿಶ್ಚಯವಾಯಿತು.

ಕಂಪ್ಯೂಟರ್ ಪರದೆಯ ಮೇಲೆ ನಾಲ್ಕು ರಸ್ತೆ ಬರೆದು, ವಾಹನಗಳ ಬದಲಿಗೆ ನಾಲ್ಕು ಬಣ್ಣದ ಡಬ್ಬಿಗಳನ್ನು ಓಡಿಸಿದೆವು. ಮೊದಲು ಬಂದವರು ಮೊದಲು ಹಾಯಬೇಕು. ಒಂದರ ಹಿಂದೊಂದು ಬಂದಾಗ ಡಬ್ಬಿಗಳು ಚೆಂದ ಹಾದವು. ಸರ್ ಕೇಳಿದರು: ಎಲ್ಲವೂ ಒಂದೇ ಗಳಿಗೆಗೆ ಬಂದರೆ ಯಾರಿಗೆ ಮೊದಲು?

ಅಷ್ಟು ಸಾಕಾಯಿತು ನನಗೆ. "ಅದನ್ನ ನನಗ ಬಿಡ್ರಿ ಸರ್. ನಮ್ಮಪ್ಪನ ರೂಲ್ ಐತಿ" ಅಂದೆ. ನಮ್ಮ ಚೌಕದ ಕಥೆಯನ್ನು ಉಪ್ಪು ಖಾರ ಹಚ್ಚಿ ಹೇಳಿದೆ. ನಾಲ್ಕು ದಿನ ಕೂತು ಬರೆದೆ: ಎದುರಿಗೆ ಯಾರೇ ಇದ್ದರೂ ಅವರಿಗೆ ಮೊದಲು ದಾರಿ ಬಿಡು; ಅವರು ಹೋದ ಮೇಲೆ ನೀನು ಹೋಗು.

ಇಡೀ ಕ್ಲಾಸಿನ ಮುಂದೆ ತೋರಿಸುವ ದಿನ ಬಂತು. ನಾಲ್ಕು ಡಬ್ಬಿಗಳು ನಾಲ್ಕು ಕಡೆಯಿಂದ ಗಂಭೀರವಾಗಿ ಬಂದವು, ಚೌಕದ ಅಂಚಿಗೆ ನಿಂತವು. ನಿಂತವು ಅಂದರೆ ನಿಂತೇಬಿಟ್ಟವು. ಒಂದು ನಿಮಿಷ, ಎರಡು ನಿಮಿಷ, ಫ್ಯಾನಿನ ಸಪ್ಪಳ ಬಿಟ್ಟರೆ ಲ್ಯಾಬಿನಲ್ಲಿ ಬೇರೆ ಸಪ್ಪಳವಿಲ್ಲ. ಹಿಂದಿನ ಬೆಂಚಿನಿಂದ ಯಾರೋ, "ಬೀಗರ ಊಟಕ್ಕ ಕುಂತಾರ್ರಿ ಸರ್! ನೀವ್ ಸುರು ಮಾಡ್ರಿ, ನೀವ್ ಸುರು ಮಾಡ್ರಿ ಅಂತ ಯಾರೂ ತುತ್ತ ಎತ್ತವಲ್ರು" ಅಂದರು. ಕ್ಲಾಸು ಹೊಟ್ಟೆ ಹಿಡಿದುಕೊಂಡು ನಕ್ಕಿತು. ನನಗೆ ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು. ಗೆಳತಿಯಂತೂ ನನ್ನ ತೊಡೆ ಚಿವುಟಿ, "ನಿಮ್ಮಪ್ಪನ ರೂಲಿಗೆ ಬೆಂಕಿ ಹಚ್ಚು" ಅಂದಳು. ಅದಕ್ಕೆ ಎರಡು ದಿನ ಅವಳ ಜೊತೆ ಮಾತು ಬಿಟ್ಟೆ.

ಸರ್ ನಗಲಿಲ್ಲ. "ನಿಮ್ಮ ತಂದೆಯವರಿಗೆ ಎದುರು ನಿಮ್ಮ ತಂದೆಯಂಥವರೇ ಬಂದರೆ ಯಾರು ಮೊದಲು ಹೋಗುತ್ತಾರೆ? ಏನೋ ಒಂದು ಮಾಡುತ್ತಾರೆ ತಾನೆ? ಹೋಗಿ ನೋಡಿ ಬನ್ನಿ" ಅಂದರು.

ಮರುದಿನ ಕಾಲೇಜಿಗೆ ಹೋಗಲಿಲ್ಲ. ನೋಟ್‌ಬುಕ್ಕು ಹಿಡಿದು ಪಂಕ್ಚರ್ ಅಂಗಡಿಯ ಅಜ್ಜನ ಸ್ಟೂಲಿನ ಮೇಲೆ ಕೂತೆ. ಅಪ್ಪನಿಗೆ ಹೇಳಿರಲಿಲ್ಲ, ಹೇಳಿದರೆ ಎಲ್ಲಿ ಬೇರೆ ರೀತಿ ಮಾಡಿಬಿಡುತ್ತಾನೋ ಎಂದು. ಹತ್ತು ಗಂಟೆಗೆ ಅಪ್ಪನ ಬಂಡಿ ಬಂತು, ಕೆಂಪು ಕಾಯಿಯ ಚೀಲ ಹೇರಿಕೊಂಡು. ಎದುರಿಗೆ ಟ್ರ್ಯಾಕ್ಟರ್. ಅಪ್ಪ ಕೈ ಎತ್ತಿದ, "ಹೋಗ್ರಿ, ನೀವ್ ಮೊದಲ ಹೋಗ್ರಿ." ಟ್ರ್ಯಾಕ್ಟರ್ ಹೋಯಿತು. ಬಂಡಿ ಹಾದುಹೋಯಿತು. ಬರೆದುಕೊಂಡೆ. ಹನ್ನೊಂದೂವರೆಗೆ ಖಾಲಿ ಬಂಡಿ ತಿರುಗಿ ಬಂತು. ಒಂದು ಟಂಟಂಗೆ ಕೈ ಎತ್ತಿದ. ಅದನ್ನೂ ಬರೆದುಕೊಂಡೆ.

ಒಂದು ಗಂಟೆಯ ಸುಮಾರಿಗೆ ಊಟದ ಹೊತ್ತು. ಚೌಕದಲ್ಲಿ ನರಪಿಳ್ಳೆಯೂ ಇರಲಿಲ್ಲ. ಅಪ್ಪನ ಬಂಡಿ ಮತ್ತೆ ಬಂತು, ಚೌಕದ ಅಂಚಿಗೆ ನಿಂತಿತು. ಅಪ್ಪ ಬಾರುಕೋಲಿನ ಕೈ ಎತ್ತಿ, ಖಾಲಿ ರಸ್ತೆಗೆ, "ಹೋಗ್ರಿ, ನೀವ್ ಮೊದಲ ಹೋಗ್ರಿ" ಅಂದ.

ನಾನು ನೋಟ್‌ಬುಕ್ಕಿನಿಂದ ತಲೆ ಎತ್ತಿ ನಾಲ್ಕೂ ಕಡೆ ನೋಡಿದೆ. ಯಾರೂ ಇಲ್ಲ. ಅಪ್ಪ ನಗುಮುಖ ಮಾಡಿಕೊಂಡು ಇನ್ನೊಮ್ಮೆ ಕೈ ಆಡಿಸಿದ. ಆಮೇಲೆ ಸುಮ್ಮನೆ ಕೂತ. ಅವನ ಹಗ್ಗ ತೊಡೆಯ ಮೇಲೆ ಸಡಿಲಾಗಿ ಬಿದ್ದಿತ್ತು. ಬಿಳಿ ಎತ್ತು ತಲೆ ಎತ್ತಿ ಎಡಕ್ಕೆ ನೋಡಿತು, ಬಲಕ್ಕೆ ನೋಡಿತು, ಹೆಜ್ಜೆ ಇಟ್ಟಿತು. ಬಂಡಿ ಹಾದುಹೋಯಿತು.

ಅಜ್ಜ ಟ್ಯೂಬಿಗೆ ಗಾಳಿ ಹಾಕುತ್ತಿದ್ದ, ಅವನಿಗೆ ಏನೂ ಗೊತ್ತಾಗಲಿಲ್ಲ. ಇದು ನನ್ನ ಭ್ರಮೆ ಇರಬೇಕು, ನೆರಳು ಕಂಡಿರಬೇಕು, ಹಳೆಯ ರೂಢಿ ಇರಬೇಕು ಎಂದು ಏನೇನೋ ಅಂದುಕೊಂಡೆ. ಬಂಡಿ ತಿರುಗಿ ಬರುವ ತನಕ ಕಾದೆ. ದೂರದಲ್ಲಿ ಕಂಡ ಕೂಡಲೇ ಎದ್ದು ಹೋಗಿ ಚೌಕದ ಆಚೆ ಅಂಚಿಗೆ, ಅಪ್ಪನಿಗೆ ನೇರ ಎದುರಾಗಿ, ಹತ್ತು ಹೆಜ್ಜೆ ದೂರದಲ್ಲಿ ನಿಂತೆ. ಹಳದಿ ಚೂಡಿದಾರ ಹಾಕಿದ್ದೆ. ಕಾಲೇಜಿಗೆ ಸೇರಿದ ವರ್ಷ ಅಪ್ಪನೇ ಆರಿಸಿ ಕೊಡಿಸಿದ ಬಣ್ಣ.

ಬಂಡಿ ನಿಂತಿತು. ಅಪ್ಪ ನನ್ನತ್ತ ಮುಖ ಮಾಡಿದ, ಕೈ ಎತ್ತಿದ.

"ಹೋಗ್ರಿ ಅಣ್ಣಾರ, ನೀವ್ ಮೊದಲ ಹೋಗ್ರಿ" ಅಂದ.

ನಡುರಸ್ತೆಯಲ್ಲಿ ನಾನು ಅಳಲಿಲ್ಲ. ನನಗೆ ಮೊದಲು ಬರುವುದು ಸಿಟ್ಟು. ಓಡಿಹೋಗಿ ಬಂಡಿ ಹತ್ತಿ ಅಪ್ಪನ ಪಕ್ಕ ಕೂತು, ಅವನ ಕೈಯಿಂದ ಹಗ್ಗ ಕಸಿದುಕೊಂಡೆ. "ಯಪ್ಪಾ, ನಾ ಅಣ್ಣಾರ ಏನು?" ಅಂದೆ. ದನಿ ಕೇಳಿ ಅಪ್ಪನ ಮುಖ ಬಿಳಿಚಿಕೊಂಡಿತು. ಬೇವಿನ ಗಿಡದ ಕೆಳಗೆ ಬಂಡಿ ನಿಲ್ಲಿಸಿದೆವು.

"ಎಷ್ಟ್ ದಿನಾತು?" ಅಂದೆ.

"ಎರಡ್ ವರ್ಷ ಆಗಿರಬೇಕು. ಮಂಜು ಬಿದ್ದಂಗ ಅಕ್ಕೈತಿ. ದೊಡ್ಡದು ಬಂದ್ರ ಕರ್ರಗ ಏನೋ ಬಂತು ಅಂತ ತಿಳೀತೈತಿ. ಸಣ್ಣದು ತಿಳ್ಯಾಂಗಿಲ್ಲ."

"ಮತ್ತ ಬಂಡಿ ಹೆಂಗ ಹೊಡೀತಿ?"

"ನಾ ಎಲ್ಲಿ ಹೊಡೀತೇನಿ? ಇಂವ ಕರಕೊಂಡ್ ಹೊಕ್ಕಾನ." ಬಿಳಿ ಎತ್ತಿನ ಬೆನ್ನಿನತ್ತ ಗದ್ದ ಎತ್ತಿ ತೋರಿಸಿದ. ಆಗಲೂ ಅವನ ದನಿಯಲ್ಲಿ ಸಣ್ಣ ಹೆಮ್ಮೆ ಇತ್ತು. "ಇಂವ ನಿಂತ್ರ ಚೌಕ ಬಂತು ಅಂತ ತಿಳಕೋತೇನಿ. ಯಾರರ ಇದ್ದರ ಇರ್ಲಿ ಅಂತ ಹೋಗ್ರಿ ಅಂತೇನಿ. ಇಂವ ನಡದ್ರ ಹಾದಿ ಖಾಲಿ ಐತಿ ಅಂತ ಅರ್ಥ."

ನಾಲ್ಕು ದಿನ ಕೂತು ನಾನು ಕಂಪ್ಯೂಟರಿಗೆ ಕಲಿಸಿದ್ದು ತಾಳ್ಮೆಯನ್ನಲ್ಲ, ಕಾಣದ ಕಣ್ಣನ್ನು.

"ನಡಿ, ಇವತ್ತ ಡಾಕ್ಟರ್ ಕಡೆ ಹೋಗೂಣು" ಅಂದೆ.

"ಕಣ್ಣಿನ ಪೊರಿ ಇನ್ನಾ ಬಲಿತಿಲ್ಲ. ಬಲೀಲಾರದ ತಗಸಬಾರದು" ಅಂದ. ಅದು ಹಳೆಯ ಕಾಲದ ನಂಬಿಕೆ, ನನಗೆ ಗೊತ್ತಿತ್ತು. ಅವನಿಗೂ ಅದು ನೆಪವೆಂದು ಗೊತ್ತಿತ್ತು. ಆಮೇಲೆ ನಿಜ ಹೇಳಿದ. "ಮನ್ಯಾಗ ಹೇಳಬ್ಯಾಡ ನನ್ನವ್ವಾ. ನಿಮ್ಮಣ್ಣ ಮೊದಲ ಟೆಂಪೋ ಟೆಂಪೋ ಅಂತ ಕುಂತಾನ. ನನಗ ಕಣ್ಣಿಲ್ಲ ಅಂತ ತಿಳದ್ರ ಬರೂ ವಾರ ಹಾವೇರಿ ದನದ ಸಂತಿಗೆ ಈ ಜೋಡಿ ಹೊಕ್ಕಾವು. ಇವು ಹೋದ್ರ ನಾ ಮನ್ಯಾಗ ಕುಂತು ಏನ್ ಮಾಡ್ಲಿ? ಇಂವನ್ನ ಬ್ಯಾರೆ ಯಾರರ ಹೂಡತಾರಲ್ಲ, ಅದನ್ನ ಹೆಂಗ ತಡಕೊಳ್ಳಲಿ?"

ಅಣ್ಣನ ಟೆಂಪೋ ಜಗಳ ಒಂದು ವರ್ಷದಿಂದ ಮನೆಯಲ್ಲಿ ನಡೆದೇ ಇತ್ತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುತ್ತಾರಲ್ಲ, ಹಾಗೆ. ಬಂಡಿಯ ಕಾಲ ಮುಗಿಯಿತು ಎಂದು ಅವನು, ನನ್ನ ಕಾಲ ಮುಗಿದಿಲ್ಲ ಎಂದು ಅಪ್ಪ.

ಅಪ್ಪ ನನ್ನನ್ನು ಬಂಡಿಯಿಂದ ಇಳಿಸಿ, ಕೈ ಹಿಡಿದು ಬಿಳಿ ಎತ್ತಿನ ಹೆಗಲ ಮೇಲೆ ಇಡಿಸಿದ. ನಮ್ಮಲ್ಲಿ ಒಕ್ಕಲುತನದವರು ಎತ್ತಿನ ಹೆಗಲು ಮುಟ್ಟಿ ಹೇಳಿದ ಮಾತು ಮುರಿಯುವುದಿಲ್ಲ. ಹೇಳುವುದಿಲ್ಲ ಎಂದು ಆಣೆ ಮಾಡಿದೆ. ನೊಗ ಉಜ್ಜಿ ಉಜ್ಜಿ ಅಲ್ಲಿ ಚರ್ಮ ದಡ್ಡುಗಟ್ಟಿತ್ತು, ಅಂಗೈಗೆ ಏನೋ ತೇವ ಹತ್ತಿತು. ಬೆವರೆಂದುಕೊಂಡು ದುಪಟ್ಟಾಕ್ಕೆ ಒರೆಸಿಕೊಂಡೆ.

ಆಣೆಯನ್ನೇನೋ ಮಾಡಿದೆ, ಸುಮ್ಮನಿರಲು ನನ್ನಿಂದಾಗಲಿಲ್ಲ. ಪ್ರಾಜೆಕ್ಟಿನ ಕೆಲಸ ಎಂದು ಸರ್‌ಗೆ ಹೇಳಿ, ದಿನಾ ಬೆಳಗ್ಗೆ ಮೊದಲ ಹೇರಿಗೆ ಅಪ್ಪನ ಪಕ್ಕ ಬಂಡಿಯಲ್ಲಿ ಕೂತು ಹೋಗತೊಡಗಿದೆ. ಊರವರು ನಕ್ಕರು. "ಏನವಾ, ಇಂಜಿನಿಯರ್ ಹುಡುಗಿ ಬಂಡಿ ಹೊಡೀತಾಳಲ್ಲ!" ಅಂದರು. "ಹೂಂನ್ರಿ, ಪೆಟ್ರೋಲ್ ಬೇಕಾಗಂಗಿಲ್ಲಲ್ರಿ" ಅನ್ನುತ್ತಿದ್ದೆ. ಅಪ್ಪನಿಗೆ ಆ ದಿನಗಳಲ್ಲಿ ಖುಷಿಯೋ ಖುಷಿ. ಅದು ಯಾರ ಅಂಗಡಿ, ಇದು ಯಾವ ಗೋಡೌನು ಎಂದು ವಾಸನೆ ಹಿಡಿದೇ ಹೇಳುತ್ತಿದ್ದ. "ಈ ಚೀಲದ ಕಾಯಿಗೆ ತೂಕ ಬರ್ಲಿ ಅಂತ ನೀರು ಹೊಡದಾರ ನೋಡು" ಎಂದು ಬರೀ ಮೂಗಿನಿಂದ ಹೇಳಿದ್ದು ಖರೆಯಾದಾಗ ನಾನು ಅವನ ಹೆಗಲಿಗೆ ಗುದ್ದಿ ನಕ್ಕಿದ್ದೆ. ನನ್ನ ಬದುಕಿನಲ್ಲಿ ಅಪ್ಪನ ಜೊತೆ ಅಷ್ಟು ಮಾತಾಡಿದ್ದು ಆ ಮೂರು ವಾರ ಮಾತ್ರ.

ಬಿಳಿ ಎತ್ತನ್ನೂ ಆಗಲೇ ಸರಿಯಾಗಿ ನೋಡಿದ್ದು. ಎದುರಿಗೆ ಇನ್ನೊಂದು ಬಂಡಿ ಅದೇ ಗಳಿಗೆಗೆ ಬಂದರೆ ಅದು ಒಂದು ಉಪಾಯ ಮಾಡುತ್ತಿತ್ತು. ಅರ್ಧ ಹೆಜ್ಜೆ ಮುಂದಿಟ್ಟು ನಿಲ್ಲುತ್ತಿತ್ತು. ಎದುರಿನದು ಅಲುಗಾಡದಿದ್ದರೆ ಪೂರ್ತಿ ಹೆಜ್ಜೆ ಇಟ್ಟು ಹೊರಡುತ್ತಿತ್ತು. ಎದುರಿನದೂ ಮುಂದೆ ಬಂದರೆ ಕಾಲು ಹಿಂದೆ ತೆಗೆದು, ಒಂದಷ್ಟು ಹೊತ್ತು ತಡೆದು, ಮತ್ತೆ ಅರ್ಧ ಹೆಜ್ಜೆ. ಆ ತಡೆಯುವ ಹೊತ್ತು ಒಂದು ಸಲದ್ದು ಇನ್ನೊಂದು ಸಲಕ್ಕೆ ಇರುತ್ತಿರಲಿಲ್ಲ. ಹಾಗಾಗಿ ಎರಡೂ ಕೂಡಿ ಸಿಕ್ಕಿಹಾಕಿಕೊಳ್ಳುತ್ತಲೇ ಇರಲಿಲ್ಲ. ಗೆಳತಿಗೆ ಹೇಳಿದೆ. ಇಬ್ಬರೂ ಕೂತು ಅದನ್ನೇ ಬರೆದೆವು. ಡಬ್ಬಿಗಳು ಅರ್ಧ ಹೆಜ್ಜೆ ಇಟ್ಟವು, ತಡೆದವು, ಒಂದೊಂದಾಗಿ ಹಾದುಹೋದವು. ಗೆಳತಿ ನನ್ನನ್ನು ಅಪ್ಪಿಕೊಂಡು ಕುಣಿದಳು. ನಾನೂ ಕುಣಿದೆ, ಆದರೆ ಮನಸ್ಸು ಬ್ಯಾಡಗಿಯ ಚೌಕದಲ್ಲಿತ್ತು. ಆ ಹೊತ್ತಿಗೆ ಅಪ್ಪ ಎರಡನೆಯ ಹೇರಿನಲ್ಲಿರುತ್ತಿದ್ದ, ಪಕ್ಕದಲ್ಲಿ ನಾನಿರುತ್ತಿರಲಿಲ್ಲ.

ಒಂದು ಬೆಳಗ್ಗೆ ಚೌಕದಲ್ಲಿ ಲಾರಿಯೊಂದು ನಮಗೆ ದಾರಿ ಬಿಟ್ಟು ನಿಂತಿತು. ಬಿಳಿ ಎತ್ತು ಹೊರಟಿತು. ಲಾರಿಯ ಮರೆಯಿಂದ ಒಂದು ಮೋಟಾರ್‌ಸೈಕಲ್ಲು, ಹಿಂದೆ ಎರಡು ಚೀಲ ಕಟ್ಟಿಕೊಂಡು, ಬಾಣದ ಹಾಗೆ ಬಂತು. ನನಗೂ ಕಾಣಲಿಲ್ಲ. ಎತ್ತು ಕೊರಳು ಹಿಂದೆಳೆದು ಮುಂಗಾಲು ಊರಿ ನಿಂತ ರಭಸಕ್ಕೆ ಬಂಡಿ ಜಗ್ಗಿ, ನಾನು ಚೀಲದ ಮೇಲೆ ಬಿದ್ದೆ. ಮೋಟಾರ್‌ಸೈಕಲ್ಲು ಎತ್ತಿನ ಮೂತಿಗೆ ಗೇಣು ದೂರದಲ್ಲಿ ಹಾದುಹೋಯಿತು. ಎತ್ತಿನ ಮುಂಗಾಲು ಗಡಗಡ ನಡುಗುತ್ತಿದ್ದವು.

ಅಪ್ಪ ನಗುತ್ತ, "ನೋಡಿದೇನ್ ನಮ್ಮ ಹುಲಿಯಾನ್ನ?" ಅಂದ.

"ನೋಡಿದೆ. ನೀ ನೋಡಿದೇನ?" ಅಂದೆ. ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡೆ.

ಅಂದು ರಾತ್ರಿ ನಾಲ್ಕೂ ಜನ ಊಟಕ್ಕೆ ಕೂತಿದ್ದೆವು. ರೊಟ್ಟಿ, ಮುಳಗಾಯಿ ಪಲ್ಯ, ಶೇಂಗಾ ಹಿಂಡಿ. ಅವ್ವ ಅಪ್ಪನ ತಾಟಿಗೆ ರೊಟ್ಟಿ ಹಾಕುವಾಗ ಅಂಚಿಗೆ ಬಳೆ ತಾಗಿಸಿ ಸಪ್ಪಳ ಮಾಡಿದಳು. ಅಪ್ಪನ ಕೈ ಸಪ್ಪಳವಾದಲ್ಲಿಗೇ ಹೋಯಿತು. ಪಲ್ಯ ಹಾಕುವಾಗ ಮತ್ತೆ ಬಳೆ. ಕೈ ಅಲ್ಲಿಗೆ. ಎಷ್ಟು ವರ್ಷದಿಂದ ಈ ಮನೆಯಲ್ಲಿ ಉಣ್ಣುತ್ತಿದ್ದೆ, ಒಂದು ದಿನವೂ ಇದು ನನಗೆ ಕಂಡಿರಲಿಲ್ಲ. ಅಣ್ಣನತ್ತ ನೋಡಿದೆ. ಅವನು ನೀರಿನ ತಂಬಿಗೆಯನ್ನು ಮೆಲ್ಲಗೆ ಅಪ್ಪನ ಮೊಣಕೈಯಿಂದ ದೂರ ಸರಿಸುತ್ತಿದ್ದ, ಯಾರಿಗೂ ಗೊತ್ತಾಗದ ಹಾಗೆ.

ಎಲ್ಲರಿಗೂ ಗೊತ್ತಿತ್ತು! ಒಬ್ಬರ ಮುಖ ಒಬ್ಬರು ನೋಡಿಕೊಂಡು, ನೀವ್ ಮೊದಲ ಹೇಳ್ರಿ, ನೀವ್ ಮೊದಲ ಹೇಳ್ರಿ ಎಂದು ಚೌಕದ ಅಂಚಿಗೆ ನಿಂತಿದ್ದರು. ನನ್ನ ಡಬ್ಬಿಗಳಿಗೆ ಕ್ಲಾಸು ನಕ್ಕಿತ್ತು, ನಮ್ಮ ಮನೆ ನೋಡಿದ್ದರೆ ಏನು ಮಾಡುತ್ತಿತ್ತೋ.

"ಅಪ್ಪಗ ಕಣ್ಣು ಕಾಣಂಗಿಲ್ಲ" ಅಂದೆ.

ಅಪ್ಪ ತುತ್ತು ತಾಟಿನಲ್ಲೇ ಬಿಟ್ಟ. "ಹೆಗಲು ಮುಟ್ಟಿ ಆಣಿ ಮಾಡಿದ್ದೆಲ್ಲಬೇ" ಅಂದ, ಬಹಳ ಸಣ್ಣ ದನಿಯಲ್ಲಿ. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

"ಮಾಡಿದ್ದೆ. ಮುರದೇನಿ. ಇವತ್ತ ಆ ಎತ್ತಿನ ಕಾಲು ನಡುಗೂದ ನಾ ನೋಡೇನಿ, ನೀ ನೋಡಿಲ್ಲ" ಅಂದೆ. ಆಮೇಲೆ ಅತ್ತೆ. ಜೋರಾಗಿಯೇ ಅತ್ತೆ.

ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡು, "ಎರಡ್ ವರ್ಷ ಬಳಿ ಬಾರಸಾಕತ್ತೇನಿ ನಾ. ಹೇಳಿದ್ರ ಎತ್ತು ಹೊಕ್ಕಾವು, ಎತ್ತು ಹೋದ್ರ ಇವರು ಕುಂತಲ್ಲೇ ಕುಂದ್ರತಾರ ಅಂತ ಬಾಯಿ ಮುಚ್ಚಿಕೊಂಡಿದ್ದೆ" ಅಂದಳು.

ಅಣ್ಣ ತಾಟು ಸರಿಸಿ ಎದ್ದ. ಜಗಳ ತೆಗೆಯುತ್ತಾನೆ ಅಂದುಕೊಂಡೆ. ಅವನು ನನ್ನತ್ತ ತಿರುಗಿದ. "ನಾ ಟೆಂಪೋ ಟೆಂಪೋ ಅಂತ ಯಾಕ ಹೊಯ್ಕೊಂತಿದ್ದೆ? ನನಗೇನ್ ಟೆಂಪೋದ ಹುಚ್ಚು ಹಿಡದಿತ್ತೇನ? ನಿನಗ ಕಣ್ಣಿಲ್ಲ, ಬಂಡಿ ಹೊಡೀಬ್ಯಾಡ ಅಂತ ಅಪ್ಪಗ ಹೆಂಗ ಅನ್ಲಿ? ಬಾಯಿ ಬರಲಿಲ್ಲ ನನಗ." ಅಪ್ಪನ ಮುಂದೆ ಕುಕ್ಕರಗಾಲಲ್ಲಿ ಕೂತು ಹೇಳಿದ, "ಎತ್ತು ಎಲ್ಲೂ ಹೋಗಂಗಿಲ್ಲ ಯಪ್ಪಾ. ನೀ ನಾಳೆ ನನ್ನ ಜೋಡಿ ದವಾಖಾನಿಗೆ ಬಾ. ಅಷ್ಟ ಸಾಕು."

ಅಪ್ಪ ಕೈ ಚಾಚಿ ಅವನ ಹೆಗಲು ಹುಡುಕಿ ಹಿಡಿದು, "ಲಗೂ ಹೇಳಬಾರದೇನಲೇ" ಅಂದ.

ಮರುದಿನ ಇಬ್ಬರೂ ಹಾವೇರಿಗೆ ಹೋದರು. ಪೊರೆ ಬಲಿಯುವುದೆಲ್ಲ ಹಳೆ ಮಾತು, ಇನ್ನೂ ತಡ ಮಾಡಿದ್ದರೆ ತೊಂದರೆಯಾಗುತ್ತಿತ್ತು ಎಂದು ಡಾಕ್ಟರರು ಅಪ್ಪನಿಗೆ ಮಂಗಳಾರತಿ ಮಾಡಿದರಂತೆ. ಮೊದಲು ಬಲಗಣ್ಣು. ಆಪರೇಷನ್ನಿನ ದಿನವೇ ನನ್ನ ಪ್ರಾಜೆಕ್ಟಿನ ಪರೀಕ್ಷೆ. ಹೊರಗಿನಿಂದ ಬಂದ ಪರೀಕ್ಷಕರು ಡಬ್ಬಿಗಳು ಹಾಯುವುದನ್ನು ನೋಡಿ, ಈ ಅರ್ಧ ಹೆಜ್ಜೆಯ ವಿಚಾರ ಯಾವ ಲೇಖನದಲ್ಲಿದೆ ಎಂದು ಕೇಳಿದರು.

"ನಮ್ಮ ಎಡಗಡೆ ಎತ್ತಿನ್ದರಿ ಸರ್" ಅಂದೆ. ಪರೀಕ್ಷಕರು ಸರ್ ಮುಖ ನೋಡಿದರು. ಸರ್ ಬಹಳ ಗಂಭೀರವಾಗಿ, "ಹೌದು ಸಾರ್, ನಾನು ಬ್ಯಾಡಗಿಗೆ ಹೋಗಿ ನೋಡಿ ಬಂದಿದ್ದೇನೆ" ಅಂದರು. ಹೋಗಿದ್ದರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಅಪ್ಪ ಕರಿ ಕನ್ನಡಕ ಹಾಕಿಕೊಂಡು ಮನೆಗೆ ಬಂದ. ಮೊದಲು ಅವ್ವನನ್ನು ನೋಡಿ, "ಕೂದಲಾ ಇಷ್ಟ್ ಬೆಳ್ಳಗಾಗ್ಯಾವಲ್ಲ" ಅಂದ. "ನಿಮ್ಮವೇನ್ ಕರ್ರಗದಾವ?" ಎಂದು ಅವ್ವ ಬಾಯಿ ಮುಚ್ಚಿಸಿದಳು. ನನ್ನನ್ನು ನೋಡಿ, "ಅಣ್ಣಾರ, ಆರಾಮದೀರೇನ್ರಿ?" ಎಂದು ಚೇಷ್ಟೆ ಮಾಡಿದ. ಎಲ್ಲರೂ ನಕ್ಕೆವು. ನಗುನಗುತ್ತಲೇ ಎದ್ದು ಕೊಟ್ಟಿಗೆಗೆ ಹೋದ.

ಬಹಳ ಹೊತ್ತಾದರೂ ಬರಲಿಲ್ಲ. ನಾನು ಹೋಗಿ ನೋಡಿದೆ. ಅಪ್ಪ ಬಿಳಿ ಎತ್ತಿನ ಎದುರು ನಿಂತಿದ್ದ. ಅದರ ಕಣ್ಣ ಮೇಲಿನ ಗುಳಿಯಲ್ಲಿ ಬೆರಳಿಟ್ಟು ನೋಡಿದ. ಮೂಗಿನ ಸುತ್ತ ಒರಟಾದ ಕೂದಲು ಸವರಿದ. ಪಕ್ಕೆಲುಬು ಎಣಿಸುವ ಹಾಗೆ ಕೈಯಾಡಿಸಿದ. ಹೆಗಲಿಗೆ ಬಂದು ಕೈ ನಿಂತಿತು. ದಡ್ಡುಗಟ್ಟಿದ ಚರ್ಮದ ನಡುವೆ ಸೀಳಿ, ಒಳಗೆ ಕೆಂಪಗೆ ಹಸಿಯಾಗಿತ್ತು. ನಾನು ಆಣೆ ಮಾಡಿದ ದಿನ ಅಂಗೈಗೆ ಹತ್ತಿದ್ದು ಬೆವರಲ್ಲ ಎಂದು ನನಗೆ ಆಗ ತಿಳಿಯಿತು.

"ಇಷ್ಟು ಮುದುಕ ಆಗ್ಯಾನಲ್ಲ ಇಂವ" ಅಂದ ಅಪ್ಪ. "ನನ್ನ ಕಣ್ಣಿನ ಸಲುವಾಗಿ ನೀವೆಲ್ಲಾರೂ ಸುಮ್ಮನಿದ್ರಿ. ಇಂವ ತನ್ನ ಹೆಗಲು ಹುಣ್ಣಾದ್ರೂ ಸುಮ್ಮನಿದ್ದ. ಇಂಥಾಂವನ ಮ್ಯಾಲೆ ನಾ ಚೀಲಾ ಹೇರಕೊಂಡು ಮೆರದ್ನಲ್ಲ ನನ್ನವ್ವಾ." ಕರಿ ಕನ್ನಡಕದ ಕೆಳಗಿಂದ ನೀರು ಇಳಿಯಿತು. ಕಣ್ಣಿಗೆ ನೀರು ಬರಬಾರದು ಎಂದು ಡಾಕ್ಟರರು ಹೇಳಿದ್ದರು. ನಾನು ಒರೆಸಲು ಹೋದೆ, ಕೈ ತಳ್ಳಿದ.

ಆ ದಿನವೇ ನೊಗ ಇಳಿಸಿ ಅಟ್ಟಕ್ಕೆ ಹಾಕಿಸಿದ. ಯಾರೂ ಕೇಳಿರಲಿಲ್ಲ. ಬಂಡಿ ಉಳಿಯಲಿ ಎಂದು ಎರಡು ವರ್ಷ ಕತ್ತಲೆಯಲ್ಲಿ ಹಾದಿ ಸವೆಸಿದವನು, ಕಣ್ಣು ಬಂದ ಮೊದಲ ದಿನ ತಾನೇ ಬಂಡಿ ಬಿಟ್ಟ. ಕಂದು ಎತ್ತಿಗೆ ಅಣ್ಣ ಹೊಲದ ಕೆಲಸಕ್ಕೆ ನೆರೆಯವರ ಎತ್ತನ್ನು ಜೋಡಿ ಮಾಡಿಕೊಂಡ. ಬಿಳಿಯದಕ್ಕೆ ಬೇವಿನೆಣ್ಣೆ, ಅರಿಶಿನ, ನುಚ್ಚು. ಅವ್ವ ಗೊಣಗಿದಳು, ತನಗೆ ಬಾಣಂತನದಲ್ಲೂ ಇಷ್ಟು ಆರೈಕೆ ಆಗಿರಲಿಲ್ಲವೆಂದು.

ಹೆಗಲು ಮಾಯಲು ಎರಡು ತಿಂಗಳು ಹಿಡಿಯಿತು. ಅಷ್ಟರಲ್ಲಿ ಅಪ್ಪನ ಎಡಗಣ್ಣಿನ ಆಪರೇಷನ್ನೂ ಆಗಿತ್ತು. ಪ್ರತಿದಿನ ಬೆಳಗ್ಗೆ ಅಪ್ಪ ಅದನ್ನು ಕೆರೆಗೆ ಹೊಡೆದುಕೊಂಡು ಹೋಗುತ್ತಿದ್ದ. ಒಂದು ದಿನ ನಾನೂ ಹಿಂದೆ ಹೋದೆ. ಸುಗ್ಗಿ ಮುಗಿದಿದ್ದರೂ ಚೌಕದಲ್ಲಿ ನಾಲ್ಕೈದು ಲಾರಿಗಳಿದ್ದವು. ಅಂಚಿಗೆ ಬಂದ ಕೂಡಲೇ ಎತ್ತು ರೂಢಿಯಂತೆ ನಿಂತಿತು. ತಲೆ ಎತ್ತಿತು. ಎಡಕ್ಕೆ ನೋಡಲು ಕೊರಳು ತಿರುಗಿಸುತ್ತಿತ್ತು.

ಅಪ್ಪ ಅದರ ಮುಂದೆ ಹೋಗಿ ನಿಂತ. ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಲಾರಿಗೆ ಕೈ ತೋರಿಸಿ ನಿಲ್ಲಿಸಿದ. ರಸ್ತೆಗೆ ಅರ್ಧ ಹೆಜ್ಜೆ ಇಟ್ಟು, ಹಗ್ಗ ಜಗ್ಗದೆ, ಹಿಂದಿರುಗಿ ಹೇಳಿದ: "ಬಾರೋ ಮುದುಕಾ. ನೀ ನೋಡಿದ್ದು ಸಾಕು, ಈಗ ನಾ ನೋಡತೇನಿ."

ಎತ್ತು ತಲೆ ಕೆಳಗೆ ಹಾಕಿ ಅವನ ಹಿಂದೆ ನಡೆಯಿತು.